ಹೇರಿಗೊಂದು ಪಾಲು

ತಮ್ಮಾ, ವ್ಯಾಪಾರಸ್ಥರ ಸಂಘದವರು ಪಾವತಿ ಪುಸ್ತಕ ಹಿಡಿದು ನಿನ್ನ ಅಂಗಡಿಗೆ ಬಂದಾಗ, 'ಇದರಿಂದ ನನಗೇನು ಲಾಭ?' ಎಂದು ಕೇಳಿದೆಯಂತೆ. ಕೇಳಿದ್ದು ತಪ್ಪಲ್ಲ. ನಿನ್ನ ವಯಸ್ಸಿನಲ್ಲಿ ಇದೇ ಕೆರೂರಿನಲ್ಲಿ ನಾನೂ ಅದೇ ಮಾತು ಆಡಿದ್ದೆ.

ಆಗ ನನ್ನದು ನೂಲಿನ ಅಂಗಡಿ. ಪರವೂರಿನ ಸಾವಕಾರರೊಬ್ಬರು ನಾನು ಮುಟ್ಟಿಸಿದ ಹಣ ಮುಟ್ಟಿಯೇ ಇಲ್ಲವೆಂದರು. ಕೋರ್ಟಿಗೆ ಹೊರಟ ನನ್ನನ್ನು ಸಂಘದ ಹಿರಿಯರಿಬ್ಬರು ತಡೆದು, ಜಮಖಾನೆ ಹಾಸಿ, ಇಬ್ಬರ ಕೀರ್ದಿಗಳನ್ನೂ ಎದುರುಬದುರು ಬಿಚ್ಚಿಸಿದರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ನನ್ನ ರಕಮು ಅವರಲ್ಲಿ ಬೇರೊಬ್ಬರ ಖಾತೆಗೆ ಜಮೆಯಾಗಿತ್ತು. ಹೊತ್ತು ಮುಳುಗುವುದರೊಳಗೆ ತಂಟೆ ಹರಿಯಿತು. ಆ ಸಾವಕಾರರೊಂದಿಗೆ ಮುಂದೆ ಇಪ್ಪತ್ತು ವರ್ಷ ಉದ್ರಿ ವ್ಯವಹಾರ ಮಾಡಿದೆ. ಅಂದಿನವರೆಗೆ ನಾನು ಸಂಘಕ್ಕೆ ಒಂದು ರೂಪಾಯಿ ವರ್ಗಣಿ ಕೊಟ್ಟಿರಲಿಲ್ಲ. ಆ ನಾಚಿಕೆ ಇನ್ನೂ ಇದೆ.

ಹೀಗೆ ಸಂಘ ಕಟ್ಟಿ ಪಾಲು ಕೊಡುವುದು ನಮ್ಮ ಸೀಮೆಗೆ ಹೊಸದಲ್ಲ. ಶಾಲೆಯಲ್ಲಿದ್ದಾಗ ಐಹೊಳೆಯ ಗುಡಿಗಳನ್ನು ನೋಡಿ ಬಂದಿದ್ದೀಯಲ್ಲ, ಆ ಊರಿನ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಸಾವಿರ ವರ್ಷದ ಹಿಂದೆ ದಕ್ಷಿಣದ ದೊಡ್ಡ ವರ್ತಕರ ಸಂಘ. ತಮ್ಮ ಕಟ್ಟುಪಾಡನ್ನು ಅವರು ವೀರಬಣಂಜುಧರ್ಮವೆಂದು ಕರೆದರು. ಸಮುದ್ರದಾಚೆ ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಅವರ ಎಷ್ಟೋ ಶಾಸನಗಳಲ್ಲಿ ಕಾಣುವುದು ಕೊಟ್ಟದ್ದರ ಲೆಕ್ಕ: ಅಡಕೆ, ಮೆಣಸು, ಎಲೆ, ಬಟ್ಟೆ, ಹೇರಿಗೆ ಇಷ್ಟೆಂದು ತಾವೇ ಗೊತ್ತುಮಾಡಿ ಗುಡಿ ಬಸದಿಗಳಿಗೆ ಬಿಟ್ಟದ್ದು.

ನಮ್ಮ ಅಜ್ಜಂದಿರ ಕಾಲಕ್ಕೆ ಆ ಪಾಲು 'ಧರ್ಮಾದಾಯ'ವಾಯಿತು. ಆದರೆ ಅಡತಿ ಅಂಗಡಿಗಳಲ್ಲಿ ಅದನ್ನು ರೈತನ ಪಟ್ಟಿಯಲ್ಲೇ ಮುರಿದುಕೊಳ್ಳುತ್ತಿದ್ದರು. ದುಡ್ಡು ರೈತನದು, ಹೆಸರು ವ್ಯಾಪಾರಿಯದು. ನನಗದು ಎಂದೂ ಒಪ್ಪಿಗೆಯಾಗಿಲ್ಲ. ಕೊಡುವುದಿದ್ದರೆ ನಿನ್ನ ಗಲ್ಲೆಯಿಂದ ಕೊಡು.

ಸಂಘದ ಕೆಲಸ ದಾನಕ್ಕೇ ಮುಗಿಯುವುದಿಲ್ಲ. ವಿಶ್ವೇಶ್ವರಯ್ಯನವರು 1916ರಲ್ಲಿ ಬೆಂಗಳೂರಿನಲ್ಲಿ ವಾಣಿಜ್ಯ ಮಂಡಳಿ ಕಟ್ಟಿದರು. ಅದೇ ಇಂದಿನ ಎಫ್‌ಕೆಸಿಸಿಐ. ನಮ್ಮ ಕಡೆಗೆ 1928ರಿಂದ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದೆ. ತೆರಿಗೆ, ರೈಲು, ರಸ್ತೆಗಳ ಮಾತು ಸರ್ಕಾರಕ್ಕೆ ಮುಟ್ಟುವುದು ಇಂಥವರ ಬಾಯಿಂದ. 2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಿದು ಬೇಕರಿಯವರಿಗೆ, ಕಾಯಿಪಲ್ಲೆಯವರಿಗೆ ಜಿಎಸ್‌ಟಿ ನೋಟಿಸು ಬಂದವು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕೆಂಬುದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ವರ್ತಕರು ಒಟ್ಟಾಗಿ ದನಿ ಎತ್ತಿದ್ದಕ್ಕೆ ಮುಖ್ಯಮಂತ್ರಿಗಳು ಅವರನ್ನು ಕರೆಸಿ ಮಾತಾಡಿದರು. ನೋಂದಣಿ ಮಾಡಿಸಿದರೆ ಹಳೆಯ ಬಾಕಿ ಕೇಳುವುದಿಲ್ಲವೆಂದರು. ಒಬ್ಬನೇ ನೋಟಿಸು ಹಿಡಿದು ಕಚೇರಿ ಮೆಟ್ಟಿಲು ಹತ್ತಿದ್ದರೆ ಅವನ ಮಾತು ಯಾರ ಕಿವಿಗೆ ಬೀಳುತ್ತಿತ್ತು?

ವರ್ಗಣಿ ಕೊಟ್ಟು ಸುಮ್ಮನೆ ಕೂಡಬೇಡ. ಸಭೆಗೆ ಬಾ, ವರ್ಷದ ಲೆಕ್ಕ ಕೇಳು. ಲೆಕ್ಕ ಕೇಳುವ ಹುಡುಗರಿಲ್ಲದ ಸಂಘ ನಾಲ್ಕು ಮಂದಿಯ ಕಟ್ಟೆಯಾಗುತ್ತದೆ. ನಮಗಷ್ಟೇ ಬೇಕಾದ್ದನ್ನು ಕೇಳಿ ಎದ್ದುಬರಬೇಡ. ಸಂತೆಯ ದಿನ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗೆ ನೀರು, ನೆರಳು, ಶೌಚಾಲಯ ಇದೆಯೇ ಎಂದೂ ಕೇಳು. ನಮ್ಮ ಗಲ್ಲೆ ತುಂಬುವುದು ಅವರ ಕೈಯಿಂದ. ಮುಂದಿನ ಸಭೆಯಲ್ಲಿ ನನ್ನ ಪಕ್ಕದಲ್ಲೇ ನಿನಗೆ ಜಾಗ ಇಟ್ಟಿರುತ್ತೇನೆ, ಬಾ.