ತಾನಾಗೇ ಆಫ್ ಆಗುವ ಲ್ಯಾಪ್‌ಟಾಪ್: ಕವಿತಾಳದಲ್ಲಿ ನಾವು ಕಲಿತ ಪಾಠ

ಮೇ ತಿಂಗಳು. ಫೈನಲ್ ಇಯರ್ ಪ್ರಾಜೆಕ್ಟ್ ಡೆಮೊಗೆ ಇನ್ನು ಆರೇ ದಿನ. ಹಾಸ್ಟೆಲ್ ಮೆಸ್ ಬಂದ್ ಆಗಿದ್ದರಿಂದ ನಾವು ಮೂರು ಜನ ಕವಿತಾಳದಲ್ಲಿರುವ ನಮ್ಮ ಟೀಮ್‌ಮೇಟ್ ಮನೆಗೆ ಹೋಗಿ ಠಿಕಾಣಿ ಹೂಡಿದ್ವಿ. ಕವಿತಾಳ ರಾಯಚೂರು ಜಿಲ್ಲೆಯ ಊರು. ಮೊದಲು ಮಾನ್ವಿ ತಾಲ್ಲೂಕಿನಲ್ಲಿತ್ತು, ಈಗ ಸಿರವಾರ ತಾಲ್ಲೂಕಿಗೆ ಸೇರಿದೆ. ಆ ಭಾಗದ ಬೇಸಿಗೆ ಹೇಗಿರುತ್ತದೆ ಅಂತ ಬೇರೆ ಕಡೆಯವರಿಗೆ ಹೇಳಿ ತಿಳಿಸೋದು ಕಷ್ಟ. ಮಧ್ಯಾಹ್ನ ಗೋಡೆ ಮುಟ್ಟಿದರೆ ಗೋಡೆಯೇ ಬಿಸಿ.

ಪ್ರಾಜೆಕ್ಟ್ ಪೂರ್ತಿ ಇದ್ದದ್ದು ಗೆಳೆಯನ ಲ್ಯಾಪ್‌ಟಾಪಿನಲ್ಲಿ. ಮೊದಲ ದಿನ ಮಧ್ಯಾಹ್ನ ಸಿಮ್ಯುಲೇಶನ್ ರನ್ ಮಾಡಿದ್ವಿ. ಹನ್ನೆರಡು ನಿಮಿಷಕ್ಕೆ ಟಕ್ ಅಂತ ಸ್ಕ್ರೀನ್ ಕಪ್ಪಾಯಿತು. ಎಚ್ಚರಿಕೆ ಇಲ್ಲ, ‘ಶಟ್ಟಿಂಗ್ ಡೌನ್’ ಅನ್ನೋ ಸಂದೇಶ ಇಲ್ಲ. ಮತ್ತೆ ಆನ್ ಮಾಡಿದರೆ ಆಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಆಫ್. ಹಿಂದಿನ ವಾರ ಅಂಗಡಿಯೊಂದರಲ್ಲಿ ತೋರಿಸಿದಾಗ ತೆರೆದೂ ನೋಡದೆ ‘ಮದರ್‌ಬೋರ್ಡ್ ಹೋಗಿದೆ, 14,000 ಆಗ್ತದೆ’ ಅಂದಿದ್ದರಂತೆ. ಆ ಲ್ಯಾಪ್‌ಟಾಪ್ ಬಂದದ್ದು ಮೂರು ವರ್ಷದ ಹಿಂದೆ ಹತ್ತಿ ಮಾರಿದ ದುಡ್ಡಿನಿಂದ. ಮನೆಯಲ್ಲಿ ಇನ್ನೊಮ್ಮೆ 14,000 ಕೇಳುವ ಧೈರ್ಯ ಅವನಿಗಿರಲಿಲ್ಲ.

ಆಮೇಲೆ ಏನಾಯಿತು ಅನ್ನೋದನ್ನ ಕ್ರಮವಾಗಿ ಬರೆಯುತ್ತೇವೆ. ನಿಮ್ಮ ಲ್ಯಾಪ್‌ಟಾಪ್ ಹೀಗೆ ಮಾಡಿದಾಗ ಉಪಯೋಗಕ್ಕೆ ಬರಲಿ.

ಮೊದಲ ಕೆಲಸ: ಫೈಲ್ ಉಳಿಸಿಕೊಳ್ಳಿ

ರಿಪೇರಿಗಿಂತ ಮೊದಲು ಬ್ಯಾಕಪ್. ನಾವು ಬೆಳಗಿನ ತಂಪಿನಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿ, ಬೇರೆ ಏನನ್ನೂ ತೆರೆಯದೆ, ಪ್ರಾಜೆಕ್ಟ್ ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡ್ವಿ. ಬರೆಯುತ್ತಿರುವಾಗಲೇ ಕರೆಂಟ್ ಕಡಿತವಾದರೆ ಫೈಲ್ ಹಾಳಾಗಬಹುದು. ಯಂತ್ರ ಸತ್ತರೆ ಹೊಸದು ಬರುತ್ತದೆ, ಎಂಟು ತಿಂಗಳ ಕೋಡ್ ಬರೋದಿಲ್ಲ.

ಆಫ್ ಆಯಿತು ಅಂದರೆ ಏನಾಯಿತು?

‘ಆಫ್ ಆಯಿತು’ ಅನ್ನೋ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಘಟನೆಗಳಿರಬಹುದು. ಒಂದು, ವಿಂಡೋಸ್ ತಾನೇ ಕ್ರಮವಾಗಿ ಶಟ್‌ಡೌನ್ ಆಗೋದು, ಉದಾಹರಣೆಗೆ ಅಪ್‌ಡೇಟ್ ಆದಾಗ. ಎರಡು, ಸ್ಲೀಪ್‌ಗೆ ಹೋಗೋದು. ಮೂರು, ನೀಲಿ ಪರದೆ ಬಂದು ರೀಸ್ಟಾರ್ಟ್ ಆಗೋದು. ನಾಲ್ಕು, ವಿದ್ಯುತ್ತೇ ಕಡಿತವಾಗೋದು. ಮೇಲಿಂದ ನೋಡಿದರೆ ನಾಲ್ಕೂ ಒಂದೇ, ಆದರೆ ಕಾರಣಗಳು ಬೇರೆ ಬೇರೆ.

ಇದನ್ನ ಬಿಡಿಸಿ ಹೇಳುವ ಡೈರಿ ವಿಂಡೋಸ್ ಒಳಗೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆರೆಯಿರಿ. 1074 ಕಂಡರೆ ಯಾವುದೋ ಪ್ರೋಗ್ರಾಂ ಅಥವಾ ಬಳಕೆದಾರ ಕೇಳಿಯೇ ಶಟ್‌ಡೌನ್ ಆಗಿದೆ. 6008 ಅಂದರೆ ಹಿಂದಿನ ಶಟ್‌ಡೌನ್ ಅನಿರೀಕ್ಷಿತ. ಕರ್ನಲ್-ಪವರ್ 41 ಅಂದರೆ ಸರಿಯಾಗಿ ಮುಚ್ಚದೆ ಯಂತ್ರ ಮತ್ತೆ ಶುರುವಾಗಿದೆ. 41ರ ಡೀಟೇಲ್ಸ್ ಟ್ಯಾಬಿನಲ್ಲಿ ಬಗ್‌ಚೆಕ್ ಕೋಡ್ ಅನ್ನೋ ಸಾಲಿದೆ. ಅದು ಸೊನ್ನೆ ಅಲ್ಲದಿದ್ದರೆ ನೀಲಿ ಪರದೆಯ ಕಥೆ, ಹಾಗಾಗಿ ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. ಸೊನ್ನೆ ಇದ್ದರೆ ವಿಂಡೋಸ್‌ಗೆ ಏನಾಯಿತೆಂದು ಬರೆದಿಡಲು ಸಮಯವೇ ಸಿಕ್ಕಿಲ್ಲ. ಹೆಚ್ಚಾಗಿ ವಿದ್ಯುತ್ ಕಡಿತ.

ನಮ್ಮಲ್ಲಿ ಪ್ರತಿ ಸಲವೂ 41, ಪ್ರತಿ ಸಲವೂ ಸೊನ್ನೆ. ವೈರಸ್ ಇರಬಹುದು, ವಿಂಡೋಸ್ ಮತ್ತೆ ಹಾಕೋಣ ಅಂತಿದ್ದ ನಮ್ಮಲ್ಲೊಬ್ಬನ ವಾದ ಅಲ್ಲಿಗೇ ಮುಗೀತು. ಒಂದು ಪೂರ್ತಿ ದಿನ ಉಳೀತು.

ನಾವು ಮಾಡಿದ ತಪ್ಪು ಊಹೆ

ನಾವೆಲ್ಲ ಕೂಡಲೇ ಹೇಳಿದ್ದು: ‘ಊರ ಕರೆಂಟ್ ಸರಿ ಇಲ್ಲ, ವೋಲ್ಟೇಜ್ ಏರಿಳಿತ.’ ಕಾಲೇಜ್ ಲ್ಯಾಬಿನಲ್ಲಿ ಸರಿ ಇತ್ತು, ಇಲ್ಲಿ ಬಂದ ಮೇಲೆ ಹೀಗಾಯಿತು, ಅಂದಮೇಲೆ ಊರಿನದೇ ತಪ್ಪು! ಆದರೆ ಚಾರ್ಜರ್ ಮೇಲಿನ ಚೀಟಿ ಓದಿದರೆ 100–240 ವೋಲ್ಟ್, 50–60 ಹರ್ಟ್ಸ್ ಅಂತ ಬರೆದಿದೆ. ಮನೆಯ ಬಲ್ಬ್ ಮಂಕಾಗುವಷ್ಟು ವೋಲ್ಟೇಜ್ ಇಳಿದರೂ ಅದು ಕೆಲಸ ಮಾಡುತ್ತದೆ. ಕರೆಂಟ್ ಪೂರ್ತಿ ಹೋದರೂ ಬ್ಯಾಟರಿ ಇದೆಯಲ್ಲ! ಬ್ಯಾಟರಿ ಗಟ್ಟಿ ಇದ್ದರೆ ಹೊರಗಿನ ಕರೆಂಟ್ ಹೋದದ್ದಕ್ಕೆ ಲ್ಯಾಪ್‌ಟಾಪ್ ಆಫ್ ಆಗಲೇಬಾರದು.

ಆವತ್ತು ಸಂಜೆ ಹೊಲದಿಂದ ಬಂದ ಗೆಳೆಯನ ಅಪ್ಪ ನಮ್ಮ ಚರ್ಚೆ ಕೇಳಿಸಿಕೊಂಡು ಕೂತರು. ಆಮೇಲೆ ಕೇಳಿದರು:

“ಅಲ್ರಪಾ, ಯಾವಾಗ ಯಾವಾಗ ಬಂದ್ ಬೀಳ್ತದ ಅಂತ ಬರ‍್ದಿಟ್ಟೀರೇನು?”

“ಇಲ್ರಿ ಕಾಕಾ.”

“ನಮ್ಮ ಬೋರಿನ ಸ್ಟಾರ್ಟರ್ ಹಿಂಗ ಬೀಳ್ತಿತ್ತು. ಬರೇ ಮಧ್ಯಾಹ್ನ ಬೀಳ್ತದೋ, ರಾತ್ರಿನೂ ಬೀಳ್ತದೋ ನೋಡಿದ ಮ್ಯಾಲೇ ಗೊತ್ತಾತು. ಸ್ಟಾರ್ಟರ್ ಬಿತ್ತಂತ ಸಿಟ್ಟಾಗಬಾರದು ನೋಡ್ರಿ. ಅದು ಬಿತ್ತಂದ್ರನ ಮೋಟಾರ್ ಉಳೀತದ.”

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾವು ಒಬ್ಬರ ಮುಖ ಒಬ್ಬರು ನೋಡಿದ್ವಿ. ಓವರ್‌ಲೋಡ್ ರಿಲೇ ಬಗ್ಗೆ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ವಿ. ಆದರೆ ಲ್ಯಾಪ್‌ಟಾಪ್ ಆಫ್ ಆಗೋದು ರೋಗವಲ್ಲ, ರಕ್ಷಣೆ ಇರಬಹುದು ಅಂತ ಹೊಳೆದೇ ಇರಲಿಲ್ಲ.

ನೋಟ್‌ಬುಕ್ ಹೇಳಿದ ಕಥೆ

ಅಂದಿನಿಂದ ಪ್ರತಿ ಸಲ ಆಫ್ ಆದಾಗ ನಾಲ್ಕು ಸಂಗತಿ ಬರೆದಿಟ್ವಿ: ಸಮಯ, ಚಾರ್ಜರ್ ಹಾಕಿತ್ತೋ ಇಲ್ಲವೋ, ಬ್ಯಾಟರಿ ಶೇಕಡಾ ಎಷ್ಟು, ಏನು ಕೆಲಸ ನಡೀತಿತ್ತು. ಎರಡು ದಿನದಲ್ಲಿ 11 ಸಲ ಆಫ್ ಆಯಿತು. ಪಟ್ಟಿ ಮುಂದಿಟ್ಟುಕೊಂಡು ನೋಡಿದರೆ ಒಂದು ಗುಂಪು ಕಾಣಲಿಲ್ಲ, ಎರಡು ಕಂಡವು.

ಏಳು ಸಲ ಮಧ್ಯಾಹ್ನ 12ರಿಂದ 5ರ ನಡುವೆ, ಚಾರ್ಜರ್ ಹಾಕಿದ್ದಾಗಲೇ, ಸಿಮ್ಯುಲೇಶನ್ ಓಡುತ್ತಿರುವಾಗ. ಉಳಿದ ನಾಲ್ಕು ಸಲ ರಾತ್ರಿ ಕರೆಂಟ್ ಹೋಗಿ ಬ್ಯಾಟರಿ ಮೇಲಿದ್ದಾಗ, ಇನ್ನೂ ಶೇಕಡಾ 30–40 ಚಾರ್ಜ್ ಇದೆ ಅಂತ ತೋರಿಸುತ್ತಿರುವಾಗಲೇ. ಲಕ್ಷಣ ಒಂದೇ, ಕಾಯಿಲೆ ಎರಡು! ಎರಡನ್ನೂ ಒಂದೇ ಅಂತ ತಿಳಿದಷ್ಟು ದಿನ ಯಾವ ಊಹೆಯೂ ಪೂರ್ತಿ ಹೊಂದದೆ ಇದ್ದದ್ದು ಅದಕ್ಕೇ.

ಮೊದಲ ಕಾಯಿಲೆ: ಬಿಸಿ

ಉಷ್ಣತೆಯನ್ನ ಫೈಲಿಗೆ ಬರೆದಿಡುವ ಉಚಿತ ಪ್ರೋಗ್ರಾಂಗಳಿವೆ. ನಾವು ಎಚ್‌ಡಬ್ಲ್ಯೂ ಇನ್ಫೋ ಬಳಸಿದ್ವಿ. ಎರಡು ಸೆಕೆಂಡಿಗೊಮ್ಮೆ ಬರೆದುಕೊಳ್ಳುವುದರಿಂದ ಆಫ್ ಆದರೂ ಕೊನೆಯ ಸಾಲುಗಳು ಉಳಿದಿರುತ್ತವೆ. ಮಧ್ಯಾಹ್ನದ ಕೊನೆಯ ಸಾಲುಗಳಲ್ಲಿ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅದೇ ಸಿಮ್ಯುಲೇಶನ್ ಬೆಳಗಿನ 5 ಗಂಟೆಗೆ ಓಡಿಸಿದರೆ 88ಕ್ಕೆ ನಿಂತಿತು, ಆಫ್ ಆಗಲಿಲ್ಲ.

ಲೆಕ್ಕ ಸರಳ. ಚಿಪ್‌ನ ಉಷ್ಣತೆ ಅಂದರೆ ಸುತ್ತಲಿನ ಗಾಳಿಯ ಉಷ್ಣತೆ, ಅದಕ್ಕೆ ಕೂಡಿಸಿ ಶಕ್ತಿ ಗುಣಿಸು ಉಷ್ಣರೋಧ. ಬೆಳಿಗ್ಗೆ ಕೋಣೆ 29 ಡಿಗ್ರಿ, ಪ್ರೊಸೆಸರ್ ಶಕ್ತಿ 22 ವ್ಯಾಟ್, ಚಿಪ್ 88. ಅಂದರೆ ಏರಿಕೆ 59 ಡಿಗ್ರಿ, ಉಷ್ಣರೋಧ ವ್ಯಾಟಿಗೆ ಸುಮಾರು 2.7 ಡಿಗ್ರಿ. ಮಧ್ಯಾಹ್ನ ಕೋಣೆ 43 ಡಿಗ್ರಿ. 43 ಕೂಡಿಸು 59, ಒಟ್ಟು 102! ಎಷ್ಟೋ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿಯ ಆಸುಪಾಸು. ಮಿತಿ ಮುಟ್ಟಿದಾಗ ಮೊದಲು ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಸುಡುವ ಬದಲು ಕರೆಂಟ್ ಕಡಿದುಕೊಳ್ಳುತ್ತದೆ. ಎಸಿ ಇರುವ ಲ್ಯಾಬಿನಲ್ಲಿ 25 ಕೂಡಿಸು 59, ಬರೀ 84. ಅದಕ್ಕೇ ಅಲ್ಲಿ ‘ಸರಿ’ ಇತ್ತು. ದೋಷ ಅಲ್ಲಿಯೂ ಇತ್ತು, ಲ್ಯಾಬಿನ ತಂಪು ಅದನ್ನ ಮುಚ್ಚಿತ್ತು ಅಷ್ಟೇ. ಅನೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಯ ಗರಿಷ್ಠ ಉಷ್ಣತೆ 35 ಡಿಗ್ರಿ ಅಂತ ಬರೆದಿರುತ್ತದೆ. ರಾಯಚೂರಿನ ಬೇಸಿಗೆಯನ್ನ ಲೆಕ್ಕಕ್ಕೆ ಹಿಡಿದವರು ಕಡಿಮೆ.

ಉಷ್ಣರೋಧ ಯಾಕೆ ಅಷ್ಟಿತ್ತು? ಫ್ಯಾನ್ ಕೂಗುತ್ತಿತ್ತು, ಆದರೆ ಗಾಳಿ ಹೊರಬರುವ ಕಿಂಡಿಗೆ ಕಾಗದದ ಚೂರು ಹಿಡಿದರೆ ಅಲುಗಾಡಲೇ ಇಲ್ಲ. ಹಿಂಬದಿ ತೆರೆದರೆ ಫ್ಯಾನಿಗೂ ಹೀಟ್‌ಸಿಂಕ್ ರೆಕ್ಕೆಗಳಿಗೂ ನಡುವೆ ಕಂಬಳಿಯಂಥ ಒಂದು ಪದರ. ಕೈಯಲ್ಲಿ ಹಿಡಿದು ನೋಡಿದರೆ ಹತ್ತಿಯ ಎಳೆ! ರೇಟ್ ಬರಲಿ ಅಂತ ತಿಂಗಳುಗಟ್ಟಲೆ ಹತ್ತಿ ಕೂಡಿಟ್ಟಿದ್ದ ಕೋಣೆಯಲ್ಲೇ ಅವನು ಓದುತ್ತಿದ್ದದ್ದು. ಲ್ಯಾಪ್‌ಟಾಪ್ ಕೊಡಿಸಿದ ಹತ್ತಿಯೇ ಅದರ ಉಸಿರು ಕಟ್ಟಿಸಿತ್ತು.

ಸ್ವಚ್ಛ ಮಾಡುವಾಗ ಇಷ್ಟು ನೆನಪಿರಲಿ. ವಾರಂಟಿ ಇನ್ನೂ ಇದ್ದರೆ ನೀವು ತೆರೆಯಬೇಡಿ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಹಿಂಬದಿ ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಮೆತ್ತನೆ ಬ್ರಶ್ ಸಾಕು. ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲವಾದರೆ ಅದು ಜೋರಾಗಿ ತಿರುಗಿ ಬೇರಿಂಗ್ ಹಾಳಾಗಬಹುದು, ಜನರೇಟರಿನಂತೆ ವೋಲ್ಟೇಜನ್ನೂ ಹುಟ್ಟಿಸಬಹುದು. ಹೀಟ್‌ಸಿಂಕ್ ಎತ್ತಿದರೆ ಹಳೆಯ ಥರ್ಮಲ್ ಪೇಸ್ಟನ್ನ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದು ಹಚ್ಚಲೇಬೇಕು. ಅಕ್ಕಿಕಾಳಿನಷ್ಟು ಸಾಕು. ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಮರುದಿನ ಮಧ್ಯಾಹ್ನ, ಅದೇ 43 ಡಿಗ್ರಿ, ಅದೇ ಸಿಮ್ಯುಲೇಶನ್. 85ಕ್ಕೆ ನಿಂತಿತು. ಒಂದೂವರೆ ಗಂಟೆ ಓಡಿತು. ಬಾಗಿಲಲ್ಲಿ ನಿಂತಿದ್ದ ಗೆಳೆಯನ ಅವ್ವ “ಆತೇನಪಾ, ಇನ್ನ ಬಂದ್ ಬೀಳಲ್ಲೇನು?” ಅಂತ ಎರಡೆರಡು ಸಲ ಕೇಳಿದರು.

ಎರಡನೇ ಕಾಯಿಲೆ: ಮುದಿ ಬ್ಯಾಟರಿ

ರಾತ್ರಿಯ ನಾಲ್ಕು ಸಲಕ್ಕೆ ಉತ್ತರ ಬ್ಯಾಟರಿ ರಿಪೋರ್ಟಿನಲ್ಲಿತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್ ಅನ್ನೋ ಪದಕ್ಕೆ ಅಂಟಿಸಿ ಸಿ-ಎಫ್-ಜಿ, ಒಂದು ಸ್ಪೇಸ್, ಸ್ಲ್ಯಾಶ್, ಆಮೇಲೆ ಬ್ಯಾಟರಿರಿಪೋರ್ಟ್ ಅಂತ ಒಂದೇ ಪದವಾಗಿ ಟೈಪ್ ಮಾಡಿದರೆ ವಿಂಡೋಸ್ ಒಂದು ಫೈಲ್ ಕೊಡುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ 41,000 ಮಿಲಿವ್ಯಾಟ್-ಅವರ್, ಫುಲ್ ಚಾರ್ಜ್ ಕೆಪಾಸಿಟಿ 17,400. ಅಂದರೆ ಶೇಕಡಾ 42 ಮಾತ್ರ ಉಳಿದಿತ್ತು.

ಆದರೂ ಶೇಕಡಾ 35 ತೋರಿಸುವಾಗ ಯಾಕೆ ಆಫ್? ಲಿಥಿಯಂ-ಅಯಾನ್ ಸೆಲ್ ಹಳತಾದಂತೆ ಅದರ ಆಂತರಿಕ ರೋಧ ಏರುತ್ತದೆ. ಲೆಕ್ಕಕ್ಕಾಗಿ ಮೂರು ಸೆಲ್ ಸರಣಿಯಲ್ಲಿವೆ, ಒಂದೊಂದರ ರೋಧ 0.15 ಓಮ್ ಅಂದುಕೊಳ್ಳಿ. ಒಟ್ಟು 0.45 ಓಮ್. ಬ್ರೌಸರ್ ಓದುವಾಗ 1 ಆಂಪಿಯರ್ ಎಳೆದರೆ ಕುಸಿತ 0.45 ವೋಲ್ಟ್, ಗೊತ್ತೇ ಆಗೋದಿಲ್ಲ. ಸಿಮ್ಯುಲೇಶನ್ ಶುರುವಾಗಿ 4 ಆಂಪಿಯರ್ ಎಳೆದರೆ ಕುಸಿತ 1.8 ವೋಲ್ಟ್. 10.8 ವೋಲ್ಟ್ ಇದ್ದದ್ದು 9ಕ್ಕೆ ಬಿತ್ತು, ಸೆಲ್‌ಗೆ 3 ವೋಲ್ಟ್. ಅಲ್ಲಿ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕುತ್ತದೆ. ಚಾರ್ಜ್ ಉಳಿದಿತ್ತು, ಒಮ್ಮೆಲೇ ಕೊಡುವ ಶಕ್ತಿ ಇರಲಿಲ್ಲ.

ಇದು ನಮ್ಮೊಬ್ಬರ ಗೋಳಲ್ಲ. ಹಳೆಯ ಬ್ಯಾಟರಿಯ ಐಫೋನ್ 6, 6ಎಸ್‌ಗಳು ಹೀಗೇ ಆಫ್ ಆಗುತ್ತಿದ್ದಾಗ ಆಪಲ್ 2017ರ ಆರಂಭದ ಅಪ್‌ಡೇಟಿನಲ್ಲಿ ಅವುಗಳ ವೇಗವನ್ನೇ ತಗ್ಗಿಸಿತು. ಅದನ್ನ ಆ ವರ್ಷದ ಡಿಸೆಂಬರಿನಲ್ಲಿ ಒಪ್ಪಿಕೊಂಡು, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರ 79 ಡಾಲರಿನಿಂದ 29ಕ್ಕೆ ಇಳಿಸಿತು. ಕಾರಣ ಅದೇ: ಮುದಿ ಬ್ಯಾಟರಿ, ಏಕಾಏಕಿ ಬೇಡಿಕೆ.

ಹೊಸ ಬ್ಯಾಟರಿ ಡೆಮೊ ಮುಗಿದು ವಾರದ ಮೇಲೆ ಸಿಕ್ಕಿತು. ಡೆಮೊ ದಿನ ಚಾರ್ಜರ್ ಹಾಕಿಟ್ಟುಕೊಂಡೇ ತೋರಿಸಿದ್ವಿ, ಕರೆಂಟ್ ಹೋಗದಿರಲಿ ಅಂತ ಬೇಡಿಕೊಂಡ್ವಿ. ಹೋಗಲಿಲ್ಲ. ಒಟ್ಟು ಖರ್ಚು ಪೇಸ್ಟಿಗೆ 180, ಬ್ಯಾಟರಿಗೆ 2,400. ಮದರ್‌ಬೋರ್ಡ್ ಇವತ್ತಿಗೂ ಹಳೆಯದೇ.

ನೆನಪಿಗೆ ಒಂದು ಪಟ್ಟಿ

1. ಮೊದಲು ಬ್ಯಾಕಪ್.
2. ಈವೆಂಟ್ ವ್ಯೂವರಿನಲ್ಲಿ ಯಾವ ಬಗೆಯ ಆಫ್ ಅಂತ ನೋಡಿ.
3. ಕನಿಷ್ಠ ಎರಡು ದಿನ ಸಮಯ, ಚಾರ್ಜರ್, ಶೇಕಡಾ, ಕೆಲಸ ಬರೆದಿಡಿ.
4. ಚಾರ್ಜರ್ ಇದ್ದೂ ಬಿಸಿಯಲ್ಲಿ ಆಫ್ ಆದರೆ ಧೂಳು, ಫ್ಯಾನ್, ಪೇಸ್ಟ್. ಬ್ಯಾಟರಿ ಮೇಲೆ ಮಾತ್ರ ಆದರೆ ಬ್ಯಾಟರಿ ರಿಪೋರ್ಟ್. ಎರಡೂ ಅಲ್ಲದೆ ತಂಪಿನಲ್ಲೂ ಆದರೆ ಚಾರ್ಜರ್ ಪಿನ್, ರ‍್ಯಾಮ್, ಕೊನೆಗೆ ಬೋರ್ಡ್.
5. ಒಂದು ಸಲಕ್ಕೆ ಒಂದನ್ನೇ ಬದಲಿಸಿ.
6. ಹಾಸಿಗೆ, ದಿಂಬಿನ ಮೇಲೆ ಇಟ್ಟು ಓಡಿಸಬೇಡಿ. ನೀರಿನ ಕೂಲರ್ ಎದುರು ಇಡಬೇಡಿ, ತಂಪಿನ ಜೊತೆ ಹನಿಯೂ ಬರುತ್ತದೆ.
7. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಬಳಕೆ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಕಸಕ್ಕೆ ಎಸೆಯಬೇಡಿ. ಇ-ವೇಸ್ಟ್ ತೆಗೆದುಕೊಳ್ಳುವಲ್ಲಿ ಕೊಡಿ.

ಡೆಮೊ ಮುಗಿಸಿ ಫೋನ್ ಮಾಡಿದಾಗ ಕಾಕಾಗೆ ಬಿಸಿ, ಹತ್ತಿ, ಬ್ಯಾಟರಿ ಎಲ್ಲ ವಿವರಿಸಿದ್ವಿ. ಪೂರ್ತಿ ಕೇಳಿ ಅವರು ಅಂದದ್ದು ಇಷ್ಟೇ: “ಹಂಗಾರ ಸ್ಟಾರ್ಟರ್ ಚಲೋನೇ ಇತ್ತನ್ರಿ.”

ಹೌದು, ಚಲೋನೇ ಇತ್ತು. ನಿಮ್ಮ ಲ್ಯಾಪ್‌ಟಾಪ್ ಮುಂದಿನ ಸಲ ಟಕ್ ಅಂತ ಆಫ್ ಆದರೆ ಬೈಯುವ ಮೊದಲು ಟೈಮ್ ನೋಡಿ ಬರೆದಿಡಿ. ಆ ಪಟ್ಟಿ ಹಿಡಿದುಕೊಂಡು ನಮ್ಮ ರೂಮಿಗೆ ಬನ್ನಿ, ಬ್ರಶ್ ಇದೆ, ಪೇಸ್ಟೂ ಇನ್ನೂ ಅರ್ಧ ಉಳಿದಿದೆ.