*ಇಂದಿನ ಚಿಂತನೆ: ಚಪಡ ಬಂದ ದಾರಿ*



ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಅದನ್ನು ಬೆಳಕಿಗೆ ತಂದವರು ಬಿ.ಎಲ್. ರೈಸ್. ನಮ್ಮ ಕೊಡಗಿನ ಶಾಸನಗಳನ್ನು ಸಂಗ್ರಹಿಸಿದವರೂ ಅವರೇ.

ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಹೆಸರನ್ನು ಬ್ರಾಹ್ಮಿಯಲ್ಲಿ ಬರೆದ ಆತ, ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಈತ ಆ ಸೀಮೆಯಲ್ಲಿ ಅಕ್ಷರ ಕಲಿತವನಿರಬೇಕು ಎಂಬುದು ವಿದ್ವಾಂಸರ ಊಹೆ. ಅಲ್ಲಿಂದ ಬ್ರಹ್ಮಗಿರಿಗೆ 2,000 ಕಿ.ಮೀ.ಗೂ ಹೆಚ್ಚು ದೂರ.

ಆಗ ರೈಲಿಲ್ಲ, ಬಸ್ಸಿಲ್ಲ. ಇದ್ದದ್ದು ವ್ಯಾಪಾರಿಗಳ ಗಾಡಿದಾರಿ. ತಕ್ಷಶಿಲೆಯಿಂದ ಗಂಗೆಯ ಬಯಲಿಗೆ ಉತ್ತರಾಪಥ. ಉಜ್ಜಯಿನಿ, ಪ್ರತಿಷ್ಠಾನಗಳ ಮೂಲಕ ತೆಂಕಣಕ್ಕೆ ದಕ್ಷಿಣಾಪಥ. ಶಂಖ, ವಜ್ರ, ಮುತ್ತು, ಚಿನ್ನಕ್ಕೆ ದಕ್ಷಿಣದ ದಾರಿಯೇ ಮೇಲು ಎನ್ನುತ್ತದೆ ಅರ್ಥಶಾಸ್ತ್ರ. ಧಮ್ಮವೂ ಇಂಥ ದಾರಿಗಳಲ್ಲೇ ನಡೆಯಿತು. ಸಂಬೋಧಿಯ ನಂತರ ಭಗವಾನರಿಗೆ ಮೊದಲು ಆಹಾರ ನೀಡಿದ ತಪುಸ್ಸ, ಭಲ್ಲಿಕರು ದಾರಿಯಲ್ಲಿ ಹೋಗುತ್ತಿದ್ದ ವ್ಯಾಪಾರಿಗಳು. ಮೊದಲ ಉಪಾಸಕರೂ ಅವರೇ. ಆಗಿನ್ನೂ ಸಂಘವಿರಲಿಲ್ಲ, ಅವರು ಬುದ್ಧನಿಗೂ ಧಮ್ಮಕ್ಕೂ ಶರಣಾದರು.

ಚಪಡ ಬರೆದ ಮಾತಿನ ಸಾರವೇನು? ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲ. ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಅದನ್ನು ನಮ್ಮ ನೆಲದ ಕಲ್ಲಿನ ಮೇಲೆ ಬರೆದವನು ದೂರದಿಂದ ಬಂದ ಒಬ್ಬ ಕೆಲಸಗಾರ.

ಈಗ ನಮ್ಮ ಕಾಫಿ ತೋಟಗಳ ಲೈನ್‌ಮನೆಗಳಿಗೆ ಅಸ್ಸಾಂನಿಂದ ಜನ ಬರುತ್ತಿದ್ದಾರೆ. ಅವರ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. “ಹೊರಗಿನವರು, ಹುಷಾರು” ಎಂಬ ಮಾತು ನಮ್ಮವರ ಬಾಯಲ್ಲೇ ಬರುತ್ತದೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ನಾನೂ ಹಾಗೆ ಅಂದಿದ್ದೆ. ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಹುಡುಗ ಅದೇ ಲೈನಿನವನು. ಅವನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಏನೂ ಹೇಳದೆ ಪುಸ್ತಕವಿಟ್ಟು ಹೋದ. ಊರ ಹೊರಗೆ ನಿಲ್ಲಿಸಲ್ಪಟ್ಟವರ ಮಗ ನಾನು. ಅದೇ ಮಾತನ್ನು ಇನ್ನೊಬ್ಬರ ಮಗುವಿಗೆ ದಾಟಿಸಿದೆ. ಮರುದಿನ ಅವನ ಕ್ಷಮೆ ಕೇಳಿದೆ.

ಬಾಬಾಸಾಹೇಬರು ನಮಗೆ ಕೊಟ್ಟ ಮೈತ್ರಿಗೆ ಊರ ಗಡಿಯಿಲ್ಲ.

*ಇಂದಿನ ಅಭ್ಯಾಸ:* ದೂರದಿಂದ ಬಂದ ಒಬ್ಬರ ಹೆಸರು ಕೇಳಿ, ಅದನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ ☸️