ಕಿವಿತಮಟೆಯ ತೂತಿಗೆ ತೇಪೆ

ಕಿವಿ ಸೋರುವುದನ್ನು ನಮ್ಮಲ್ಲಿ ಅನೇಕರು ರೋಗವೆಂದೇ ಎಣಿಸುವುದಿಲ್ಲ. ಹತ್ತಿ ತುರುಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಕಿವುಡು ಬಲಿತ ಮೇಲೆ ಹಣೆಯಬರಹವೆನ್ನುತ್ತಾರೆ. ಆದರೆ ತಮಟೆಯ ತೂತನ್ನು ಮುಚ್ಚುವ ಶಸ್ತ್ರಚಿಕಿತ್ಸೆಯುಂಟು. ಅದರ ಕ್ರಮ ತಿಳಿದರೆ ಅರ್ಧ ಹೆದರಿಕೆ ತೊಲಗುತ್ತದೆ.

ತಮಟೆಯೆಂಬುದು ಸುಮಾರು 9–10 ಮಿಲಿಮೀಟರ್ ಎತ್ತರದ, ಕಾಗದದಷ್ಟು ತೆಳುವಾದ ಪೊರೆ. ಸದ್ದಿಗೆ ಅದು ಅದುರಿದಾಗ ಹಿಂದಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಅದುರನ್ನು ಒಳಗಿವಿಗೆ ಮುಟ್ಟಿಸುತ್ತವೆ. ಪೊರೆ ತೂತಾದರೆ ಕೇಳುವುದು ಕುಗ್ಗುತ್ತದೆ. ನೀರು ಒಳಹೊಕ್ಕು ಕೀವಾಗುತ್ತದೆ. ಪೆಟ್ಟಿನಿಂದ ಹರಿದದ್ದು ಬಹುಮಟ್ಟಿಗೆ ಎರಡು ಮೂರು ತಿಂಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಸೋರಿದ ಕಿವಿಯ ತೂತು ಹಾಗೆ ಕೂಡುವುದು ಅಪರೂಪ.

1640ರಲ್ಲಿ ಜರ್ಮನಿಯ ಬಾಂಟ್ಸರ್ ಎಂಬಾತ ಹಂದಿಯ ಮೂತ್ರಕೋಶದ ಪೊರೆಯನ್ನು ದಂತದ ಕೊಳವೆಗೆ ಕಟ್ಟಿ ತೂತನ್ನು ಮರೆಮಾಡಲು ಯತ್ನಿಸಿದನು. 1878ರಲ್ಲಿ ಬೆರ್ಟ್‌ಹೋಲ್ಡ್ ಚರ್ಮದ ಕಸಿ ಮಾಡಿದನು. 1950ರ ದಶಕದಲ್ಲಿ ವುಲ್‌ಸ್ಟೈನ್, ತ್ಸೋಲ್ನರ್ ಎಂಬ ಜರ್ಮನ್ ವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ ಈ ವಿದ್ಯೆಗೆ ಭದ್ರ ತಳಹದಿ ಹಾಕಿದರು. ಇದಕ್ಕೆ ಟಿಂಪನೋಪ್ಲಾಸ್ಟಿ ಎಂದು ಹೆಸರು.

ಈಗಿನ ಸಾಮಾನ್ಯ ಕ್ರಮವಿದು. ಕಿವಿಯ ಮೇಲ್ಭಾಗದಲ್ಲಿ ಕಣತಲೆಯ ಸ್ನಾಯುವನ್ನು ಹೊದ್ದಿರುವ ತೆಳುಪೊರೆಯ ತುಂಡೊಂದನ್ನು ತೆಗೆದುಕೊಳ್ಳುತ್ತಾರೆ. ತೂತಿನ ಅಂಚನ್ನು ಕೆರೆದು ಹಸಿಮಾಡುತ್ತಾರೆ. ಮಾವಿನ ಕಸಿಯಲ್ಲಿ ಹಸಿ ಗಾಯಗಳನ್ನೇ ಕೂಡಿಸುವಂತೆ ಇಲ್ಲಿಯೂ ಹಸಿ ಅಂಚೇ ಬೆಳೆದು ಕೂಡುವುದು. ಬಳಿಕ ತೇಪೆಯನ್ನು ತಮಟೆಯ ಒಳಮಗ್ಗುಲಿಗೆ ಸರಿಸಿ, ಕರಗುವ ಸ್ಪಂಜಿನ ಆಸರೆ ಕೊಡುತ್ತಾರೆ. ಕೆಲವೊಮ್ಮೆ ತೇಪೆಯನ್ನು ಹೊರಮಗ್ಗುಲಿಗೆ ಇಡುವುದೂ ಉಂಟು. ತೂತು ದೊಡ್ಡದಾದರೆ ಕಿವಿಯ ಮೃದ್ವಸ್ಥಿಯನ್ನು ಬಳಸುತ್ತಾರೆ. ಮೂಳೆಗಳು ಸವೆದಿದ್ದರೆ ಅವನ್ನೂ ಸರಿಪಡಿಸಬೇಕಾಗುತ್ತದೆ.

ಒಂದು ಎಚ್ಚರಿಕೆ: ಯಂತ್ರಗಳ ಸದ್ದಿನಲ್ಲಿ ದುಡಿದು ಒಳಗಿವಿ ಕೆಟ್ಟಿದ್ದರೆ ಆ ಕಿವುಡನ್ನು ತೇಪೆ ನೀಗಿಸಲಾರದು. ಆದುದರಿಂದ ಮೊದಲು ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು. ಊರಿಗೆ ಹೋದಾಗ ಮಾಡಿಸುವವರಿಗೆ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಲ್ಲಿಯೇ ತೋರಿಸುವವರಿಗೆ ಸೆಂಟ್ರಲ್ ನಿಲ್ದಾಣದೆದುರಿನ ಸರ್ಕಾರಿ ಜನರಲ್ ಆಸ್ಪತ್ರೆಯಿದೆ. ತಮಿಳು ಬಾರದವರು "ಕಾದುಲ ಸೀಳ್ ವಡಿಯುದು" ಎಂದರೆ ಸಾಕು, ಕಿವಿಯಲ್ಲಿ ಕೀವು ಸೋರುತ್ತಿದೆ ಎಂದರ್ಥ.

ರಜೆಯ ಸಂಬಳ ಹೋದೀತೆಂದು ಮುಂದೂಡುವವರು ಗಮನಿಸಬೇಕು: ಇ.ಎಸ್.ಐ. ವಂತಿಗೆ ನಿಯಮದಂತೆ ಸಂದಿದ್ದರೆ, ವೈದ್ಯರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ದೊರೆಯುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳುವವರೆಗೆ ಕಿವಿಗೆ ನೀರು ಸೋಕಿಸಬಾರದು. ಮೂಗನ್ನು ಬಿರುಸಾಗಿ ಸೀನಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಸೋರುವ ಕಿವಿಗೆ ಕಾಯಿಸಿದ ಎಣ್ಣೆ, ಬೆಂಕಿಕಡ್ಡಿ ಎಂದಿಗೂ ಕೂಡದು. ದುರ್ವಾಸನೆಯ ಕೀವು, ತಲೆಸುತ್ತು, ಜ್ವರದೊಡನೆ ತೀವ್ರ ತಲೆನೋವು, ಮುಖ ಒಂದು ಕಡೆಗೆ ಸೊಟ್ಟಗಾಗುವುದು — ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು.